ಮಹಾಮಾರಿ ಮತ್ತು ಆಳುವ ಕೈ

(ಬಾನುಲಿ ಭಾಷಣ)

ಒಬ್ಬನಿಗೆ ಜ್ವರ ಬಂದರೆ ಮನೆಯವರು ಚಿಂತಿಸುತ್ತಾರೆ, ವೈದ್ಯನನ್ನು ಕರೆಯುತ್ತಾರೆ. ಊರಿಗೆ ಊರೇ ಬೇನೆ ಬಿದ್ದಾಗ ಸಂಗತಿ ಬೇರೆ. ಸಂತೆ ನಿಲ್ಲುತ್ತದೆ, ಶಾಲೆ ಮುಚ್ಚುತ್ತದೆ, ಹೆಣಕ್ಕೆ ಹೆಗಲು ಕೊಡುವವರೂ ಇಂತಿಷ್ಟೇ ಇರಬೇಕೆಂಬ ಲೆಕ್ಕ ಬರುತ್ತದೆ. ಅಲ್ಲಿಯವರೆಗೆ ಕಚೇರಿಯಲ್ಲಿ ಕುಳಿತಿದ್ದ ಸರಕಾರ ಮನೆಯ ಹೊಸ್ತಿಲಿಗೆ ಬಂದು ನಿಲ್ಲುತ್ತದೆ. 2020ರಲ್ಲಿ ಯಾದಗಿರಿ, ಶಹಾಪುರ, ಸುರಪುರಗಳ ಜನ ಕಂಡದ್ದು ಇದನ್ನೇ. ಹೊಸ್ತಿಲಿಗೆ ಬಂದ ಆ ಅಧಿಕಾರ ಏನನ್ನು ತಂದಿತು, ಏನನ್ನು ಕೊಂಡೊಯ್ದಿತು, ಯಾವಾಗ ಹಿಂದಿರುಗಿತು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮಹಾಮಾರಿ ಈ ಸೀಮೆಗೆ ಹೊಸತಲ್ಲ. ಭೀಮೆಯ ದಡದ ಯಾದಗಿರಿಯನ್ನು ಹಾಯ್ದು ಮುಂಬಯಿಯ ರೈಲು ರಾಯಚೂರನ್ನು ಮುಟ್ಟಿದ್ದು 1871ರಲ್ಲಿ. ಹತ್ತಿಯನ್ನೂ ಕಾಳುಕಡಿಯನ್ನೂ ಹೊತ್ತ ರೈಲು ಬೇನೆಯನ್ನೂ ಹೊರಬಲ್ಲದೆಂಬುದು ದೇಶಕ್ಕೆ ಬೇಗನೆ ತಿಳಿಯಿತು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ಕಾಣಿಸಿತು. 1918ರ ಜೂನ್‌ನಲ್ಲಿ ಅದೇ ಬಂದರಿನಿಂದ ಇನ್‌ಫ್ಲುಯೆಂಜಾ ಒಳನಾಡಿಗೆ ಹರಿಯಿತು. ಈ ಮೂರೂ ಊರುಗಳು ಆಗ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ಜನಸಂಖ್ಯೆ 1911ರಲ್ಲಿ 1 ಕೋಟಿ 33 ಲಕ್ಷಕ್ಕೂ ಮಿಕ್ಕಿತ್ತು; 1921ರ ಗಣತಿಯಲ್ಲಿ 1 ಕೋಟಿ 25 ಲಕ್ಷಕ್ಕಿಂತ ಕೆಳಗಿಳಿಯಿತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಾಗಿದ್ದ ಜನಸಂಖ್ಯೆ ಸುಮಾರು ಒಂಬತ್ತು ಲಕ್ಷದಷ್ಟು ಕುಗ್ಗಿತು.

ಪ್ಲೇಗಿನ ಕಾಲದಲ್ಲಿ ಜನರಿಗೆ ಒಂದು ಉಪಾಯ ತಿಳಿದಿತ್ತು. ಇಲಿ ಬಿದ್ದ ಮನೆಯನ್ನು ತೊರೆದು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು, ಮಾರಿಯ ಉಪಟಳ ತಗ್ಗುವವರೆಗೆ ಹೊರಗೇ ಉಳಿಯುತ್ತಿದ್ದರು. ಅತ್ತ ಬ್ರಿಟಿಷ್ ಇಂಡಿಯಾದಲ್ಲಿ ಸರಕಾರ ತನ್ನದೇ ಉಪಾಯ ಹೂಡಿತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಕೆಲವೇ ಕಲಮುಗಳದು, ಆದರೆ ಅದು ಕೊಟ್ಟ ಅಧಿಕಾರಕ್ಕೆ ಎಲ್ಲೆಯಿರಲಿಲ್ಲ. ಪುಣೆಯಲ್ಲಿ ಸಿಪಾಯಿಗಳು ಮನೆಮನೆ ಹೊಕ್ಕು ಶೋಧಿಸಿದರು. ಜನರ ಸಿಟ್ಟು ಅದೇ ವರ್ಷದ ಜೂನ್‌ನಲ್ಲಿ ಪ್ಲೇಗು ಅಧಿಕಾರಿ ರ‍್ಯಾಂಡ್‌ನ ಕೊಲೆಯವರೆಗೆ ಹೋಯಿತು. ನಿಜಾಮರ ಸೀಮೆ ಬ್ರಿಟಿಷ್ ಇಂಡಿಯಾದ ಹೊರಗಿದ್ದುದರಿಂದ ಆ ಕಾಯಿದೆ ನೇರವಾಗಿ ಇಲ್ಲಿಗೆ ತಟ್ಟಲಿಲ್ಲ. ಅದು ತಟ್ಟಿದ್ದು ಸ್ವತಂತ್ರ ಭಾರತದಲ್ಲಿ, 123 ವರ್ಷಗಳ ಅನಂತರ.

2020ರ ಮಾರ್ಚ್ 10ರಂದು ದೇಶದ ಮೊದಲ ಕೊರೊನಾ ಸಾವು ನೆರೆಯ ಕಲಬುರಗಿಯಲ್ಲಿ ಸಂಭವಿಸಿತು. ಮರುದಿನವೇ ಕರ್ನಾಟಕ ಸರಕಾರ ಆ ಹಳೆಯ ಕಾಯಿದೆಯ ಆಧಾರದ ಮೇಲೆ ನಿಯಮಗಳನ್ನು ಹೊರಡಿಸಿತು. ಮಾರ್ಚ್ 24ರ ರಾತ್ರಿ ಎಂಟಕ್ಕೆ ಘೋಷಣೆಯಾದ ಲಾಕ್‌ಡೌನ್ ನಡುರಾತ್ರಿಗೇ ಜಾರಿಗೆ ಬಂತು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಬಲವೂ ಸೇರಿ, ಜಿಲ್ಲಾಧಿಕಾರಿಯ ಒಂದು ರುಜು ಸಂತೆಯನ್ನು ಮುಚ್ಚಬಲ್ಲದಾಯಿತು, ಓಣಿಗೆ ಬೇಲಿ ಹಾಕಬಲ್ಲದಾಯಿತು.

ಬೆಳಗಾದರೆ ಯುಗಾದಿ. ಈ ಕಾಕತಾಳೀಯದ ಕಹಿ ಅರಿಯಬೇಕಾದರೆ ಗುಳೆಯನ್ನು ಅರಿಯಬೇಕು. ಬಸವಸಾಗರದ ಕಾಲುವೆ ಹರಿದ ಕಡೆ ಶಹಾಪುರ, ಸುರಪುರಗಳಲ್ಲಿ ಭತ್ತವಿದೆ, ಹತ್ತಿಯಿದೆ. ನೀರು ಮುಟ್ಟದ ಕಡೆ ತೊಗರಿಯಿದೆ. ತೊಗರಿಯ ರಾಶಿ ಮುಗಿದ ಮೇಲೆ ಗುಳೆಯಿದೆ. ಹಳ್ಳಿಗಳಿಂದ, ತಾಂಡಾಗಳಿಂದ ಸಂಸಾರಗಳು ಬೆಂಗಳೂರು, ಮುಂಬಯಿ, ಪುಣೆ, ಗೋವೆಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುತ್ತವೆ. ಹಬ್ಬಕ್ಕೋ ಮುಂಗಾರಿಗೋ ಮರಳುತ್ತವೆ. ಆ ಯುಗಾದಿಗೆ ಹೊರಡಲು ಗಂಟು ಕಟ್ಟಿದವರಿಗೆ ಬಸ್ಸೂ ಇರಲಿಲ್ಲ, ರೈಲೂ ಇರಲಿಲ್ಲ, ಕೂಲಿಯೂ ಇರಲಿಲ್ಲ.

ಮೇ ತಿಂಗಳ ಮೊದಲಲ್ಲಿ ಬೆಂಗಳೂರಿನಿಂದ ಜಿಲ್ಲೆಗಳಿಗೆ ಕೆಲವು ದಿನ ಉಚಿತ ಬಸ್ಸುಗಳು ಓಡಿದವು. ಅದೇ ವಾರ, ಕಟ್ಟಡ ಉದ್ಯಮಿಗಳು ಮುಖ್ಯಮಂತ್ರಿಯನ್ನು ಕಂಡ ಮೇಲೆ, ಹೊರರಾಜ್ಯದ ಕೂಲಿಗಳನ್ನು ಒಯ್ಯಬೇಕಾಗಿದ್ದ ಶ್ರಮಿಕ ರೈಲುಗಳು ಬೇಡವೆಂದು ರಾಜ್ಯ ಸರಕಾರ ರೈಲ್ವೆಗೆ ಬರೆಯಿತು. ನಾಡೆಲ್ಲ ಆಕ್ಷೇಪಿಸಿದಾಗ ಎರಡು ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. ಮನೆಗೆ ಹೋಗುವ ಮನುಷ್ಯನ ಹಕ್ಕನ್ನು ಮಹಾನಗರದ ಕಟ್ಟಡದ ಅಗತ್ಯಕ್ಕೆ ಅಡವಿಡಬಹುದೆಂದು ಎರಡು ದಿನಗಳ ಮಟ್ಟಿಗಾದರೂ ಆಳುವವರಿಗೆ ತೋರಿತಲ್ಲ, ಅದು ಚಿಂತಿಸತಕ್ಕ ವಿಷಯ.

ಮೇ ತಿಂಗಳ ಎರಡನೆಯ ವಾರದವರೆಗೆ ಯಾದಗಿರಿ ಜಿಲ್ಲೆಯಲ್ಲಿ ಒಂದು ಪ್ರಕರಣವೂ ದಾಖಲಾಗಿರಲಿಲ್ಲ. ಮೊದಲು ಅದು ಕಂಡದ್ದು ಹೊರರಾಜ್ಯದಿಂದ ಮರಳಿದವರಲ್ಲಿ. ಕೆಲವೇ ವಾರಗಳಲ್ಲಿ, ಮಹಾರಾಷ್ಟ್ರದಿಂದ ಬಂದವರಿಂದಾಗಿ, ಜಿಲ್ಲೆ ರಾಜ್ಯದ ಪಟ್ಟಿಯ ಮೇಲ್ಸಾಲಿಗೇರಿತು. ಶಾಲೆಗಳು, ವಸತಿನಿಲಯಗಳು ಕ್ವಾರಂಟೈನ್ ಕೇಂದ್ರಗಳಾದವು. ಬೇನೆಯನ್ನು ತಂದವರೆಂಬ ಹೆಸರು ಕೂಲಿಗೆ ಹೋದವರಿಗೇ ಬಂತು. ಯಾರ ಬೆವರಿನಿಂದ ಊರಿನ ಸಾಲ ತೀರುತ್ತಿತ್ತೋ ಅವರನ್ನು ಊರಿನ ಕಣ್ಣು ಅಗಸೆಯಲ್ಲೇ ತಡೆಯಿತು.

ಸರಕಾರದ ಕೈ ಮುಚ್ಚಿದ್ದು ಮಾತ್ರವಲ್ಲ, ಕೊಟ್ಟದ್ದೂ ಉಂಟು. ನ್ಯಾಯವಾಗಿ ನೋಡುವವನು ಅದನ್ನೂ ಹೇಳಬೇಕು. 2020ರ ಏಪ್ರಿಲ್‌ನಿಂದ ತಲೆಗೆ ತಿಂಗಳಿಗೆ ಐದು ಕಿಲೋ ಧಾನ್ಯ ಪುಕ್ಕಟೆಯಾಗಿ ಬಂತು. ಉದ್ಯೋಗ ಖಾತರಿಯಲ್ಲಿ ಕೆರೆಯ ಹೂಳು ತೆಗೆಯುವ, ಬದು ಹಾಕುವ ಕೆಲಸಕ್ಕೆ ದಿನಕ್ಕೆ 275 ರೂಪಾಯಿ ಕೂಲಿ ಗೊತ್ತಾಯಿತು. ಮನೆಮನೆ ತಿರುಗಿ ಜ್ವರದ ಲೆಕ್ಕ ಬರೆದ ಆಶಾ ಕಾರ್ಯಕರ್ತೆಯರೂ ಆ ಕೈಯ ಬೆರಳುಗಳೇ. ಆದರೆ ಕೆಲವು ನಷ್ಟಗಳನ್ನು ಧಾನ್ಯ ತುಂಬಲಾರದು. 2011ರ ಗಣತಿಯಂತೆ ಈ ಜಿಲ್ಲೆಯ ಸಾಕ್ಷರತೆ ನೂರಕ್ಕೆ ಸುಮಾರು 52, ರಾಜ್ಯದಲ್ಲೇ ಕಡೆಯದು. ಇಂಥಲ್ಲಿ ಪಾಠ ಮೊಬೈಲಿಗೆ ಹೋದಾಗ ಮೊಬೈಲಿಲ್ಲದ ಮಗು ಎಲ್ಲಿಗೆ ಹೋಗಬೇಕು? ಗುಡಿಯ ಕಟ್ಟೆಯಲ್ಲಿ, ಮರದ ನೆರಳಲ್ಲಿ ನಡೆದ ವಿದ್ಯಾಗಮದ ಪಾಠವೂ 2020ರ ಅಕ್ಟೋಬರ್‌ನಲ್ಲಿ ನಿಂತಿತು.

ಇನ್ನು ಹಿಂದಿರುಗುವ ಮಾತು. ಜನ ಮನೆಯೊಳಗಿದ್ದ ಆ ತಿಂಗಳುಗಳಲ್ಲಿ ಎ.ಪಿ.ಎಂ.ಸಿ. ಕಾಯಿದೆಗೂ ಭೂಸುಧಾರಣಾ ಕಾಯಿದೆಗೂ ಸುಗ್ರೀವಾಜ್ಞೆಯ ಮೂಲಕ ತಿದ್ದುಪಡಿಯಾಯಿತು. ಕಾರ್ಖಾನೆಯ ದುಡಿಮೆಯ ಮಿತಿ ದಿನಕ್ಕೆ ಒಂಬತ್ತರಿಂದ ಹತ್ತು ಗಂಟೆಗೇರಿತು. ಹೈಕೋರ್ಟಿನಲ್ಲಿ ಪ್ರಶ್ನೆ ಎದ್ದ ಮೇಲೆ ಜೂನ್‌ನಲ್ಲಿ ಆ ಆಜ್ಞೆ ರದ್ದಾಯಿತು. ಅವಧಿ ಮುಗಿದ ಗ್ರಾಮ ಪಂಚಾಯತಿಗಳಿಗೆ ಆಡಳಿತಾಧಿಕಾರಿಗಳು ಬಂದರು. ಚುನಾವಣೆ ಡಿಸೆಂಬರ್‌ಗೆ ಹೋಯಿತು. ಗುಳೆಯಿಂದ ಮರಳಿದವರಿಗೆ ಕೆಲಸ ಹಂಚಬೇಕಾದ ತಿಂಗಳುಗಳಲ್ಲೇ ಊರಿಗೆ ತಾನು ಆರಿಸಿದ ಸದಸ್ಯನಿಲ್ಲದೆ ಹೋಯಿತು. 2021ರಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯತಿಗಳ ಚುನಾವಣೆಗೂ ಮೊದಲು ಅಡ್ಡಬಂದದ್ದು ಬೇನೆ. ಬೇನೆ ಇಳಿಯಿತು, ಕ್ಷೇತ್ರ ವಿಂಗಡಣೆ, ಮೀಸಲಾತಿ ಎಂಬ ಬೇರೆ ಕಾರಣಗಳು ಅದರ ಜಾಗಕ್ಕೆ ಬಂದವು, ವರ್ಷಗಳು ಉರುಳಿದವು. ವಿಪತ್ತು ಕಾಯಿದೆಯ ಕೇಂದ್ರದ ಆಜ್ಞೆಗಳು ಮುಗಿದದ್ದು 2022ರ ಮಾರ್ಚ್ 31ಕ್ಕೆ. ಇಪ್ಪತ್ತೊಂದು ದಿನಗಳಿಗೆಂದು ಬಂದದ್ದು ಎರಡು ವರ್ಷ ಕುಳಿತಿತ್ತು.

ಸರಕಾರವಿಲ್ಲದೆ ಮಹಾಮಾರಿಯನ್ನು ಎದುರಿಸಬಹುದೆಂದು ನಾನು ಹೇಳುತ್ತಿಲ್ಲ. 1918ರಲ್ಲಿ ಹಳ್ಳಿಗಳನ್ನು ಕೇಳುವವರಿರಲಿಲ್ಲ. ಅದರ ಫಲವನ್ನು ಗಣತಿಯ ಲೆಕ್ಕವೇ ಹೇಳುತ್ತದೆ. ಮುಚ್ಚುವ ಆಜ್ಞೆಯ ಜೊತೆಗೇ ಅನ್ನದ ಆಜ್ಞೆಯೂ ಇರಬೇಕು. ಗುಳೆ ಹೋದವರ ಹೆಸರು ಪಂಚಾಯತಿಯ ಪುಸ್ತಕದಲ್ಲಿ ಮೊದಲೇ ಇರಬೇಕು. ಆಜ್ಞೆ ಮುಗಿಯುವ ದಿನವನ್ನು ಆಜ್ಞೆಯಲ್ಲೇ ಬರೆದಿರಬೇಕು. ನನ್ನ ಬೇಡಿಕೆ ಇಷ್ಟೇ. ಪ್ಲೇಗಿನ ಕಾಲದಲ್ಲಿ ಹೊಲಕ್ಕೆ ಹೋದವರು ಮಾರಿ ತಗ್ಗಿತೆಂದು ತಿಳಿದೊಡನೆ ಗುಡಿಸಲು ಕಿತ್ತು ಮನೆಗೆ ಮರಳುತ್ತಿದ್ದರು. ಅಂಥ ದಿನವೊಂದು ಅಧಿಕಾರಕ್ಕೂ ಗೊತ್ತಾಗಿರಬೇಕು.