ನಕ್ಷತ್ರಗಳು ಬೀಸುವ ಗಾಳಿ



ಸುರಪುರ ತಾಲೂಕಿನ ಬೋನಾಳ ಕೆರೆಯನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಬಂದಿಳಿಯುವ ಕೆರೆ ಅದು. ಬೇಸಿಗೆಯಲ್ಲಿ ಅದರ ನೀರು ಆವಿಯಾಗಿ ಮೇಲೇರುತ್ತದೆ. ಮಳೆ ಬಂದರೆ ಮತ್ತೆ ತುಂಬುತ್ತದೆ. ಗೆಲಾಕ್ಸಿಗಳಿಗೂ ಇಂಥದೇ ಜಮಾ-ಖರ್ಚು ಇದೆ. ಅಲ್ಲಿ ನೀರಿನ ಬದಲು ಅನಿಲ.

ಏಪ್ರಿಲ್ ತಿಂಗಳ ರಾತ್ರಿ ಅದೇ ಕೆರೆಯ ಏರಿಯ ಮೇಲೆ ನಿಂತು ಉತ್ತರಕ್ಕೆ ನೋಡಿ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿ, ಸುಮಾರು 1 ಕೋಟಿ 20 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿ ಎಂ-82 ಎಂಬ ಗೆಲಾಕ್ಸಿ ಇದೆ. ಬರಿಗಣ್ಣಿಗೆ ಕಾಣದು, ಚಿಕ್ಕ ದೂರದರ್ಶಕದಲ್ಲಿ ಮಸುಕಾದ ಬಿಳಿ ಗೀಟಿನಂತೆ ತೋರುತ್ತದೆ. ನೆರೆಯ ಎಂ-81ರ ಸೆಳೆತಕ್ಕೆ ಸಿಕ್ಕಿ ಇದರ ಅನಿಲ ಕೇಂದ್ರದತ್ತ ನುಗ್ಗಿದೆ. ಅಲ್ಲೀಗ ನಕ್ಷತ್ರಗಳ ಸುಗ್ಗಿ!

ಹುಟ್ಟಿದವುಗಳಲ್ಲಿ ಭಾರೀ ನಕ್ಷತ್ರಗಳ ಆಯುಷ್ಯ ಕೆಲವೇ ದಶಲಕ್ಷ ವರ್ಷ. ಕೊನೆಗೆ ಅವು ಸೂಪರ್‌ನೋವಾಗಳಾಗಿ ಸಿಡಿಯುತ್ತವೆ. ಒಂಟಿ ಸ್ಫೋಟದ ಶಕ್ತಿ ಸುತ್ತಲಿನ ಅನಿಲದಲ್ಲೇ ಬೆಳಕಾಗಿ ಸೋರಿಹೋಗುತ್ತದೆ. ಆದರೆ ಹತ್ತಿರ ಹತ್ತಿರ ನೂರಾರು ಸ್ಫೋಟಗಳಾದರೆ? ಬಿಸಿಗುಳ್ಳೆಗಳು ಒಂದಾಗಿ, ಗೆಲಾಕ್ಸಿಯ ತಟ್ಟೆಯನ್ನೇ ಸೀಳಿ ಎರಡೂ ಬದಿಗೆ ಗಾಳಿಯಾಗಿ ಚಿಮ್ಮುತ್ತವೆ. ಈ ವ್ಯತ್ಯಾಸವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರತೀಕ್ ಶರ್ಮಾ, ರಾಮನ್ ಸಂಶೋಧನಾ ಸಂಸ್ಥೆಯ ಬಿಮನ್ ನಾಥ್ ಮತ್ತು ಸಂಗಡಿಗರು 2014ರಲ್ಲಿ ಗಣಕಯಂತ್ರದ ಲೆಕ್ಕಗಳಿಂದ ತೋರಿಸಿದರು. ಎಂ-82ರಿಂದ ಅನಿಲ ಹೊರಚಿಮ್ಮುತ್ತಿರುವುದನ್ನು ಲಿಂಡ್ಸ್ ಮತ್ತು ಸ್ಯಾಂಡೇಜ್ 1963ರಲ್ಲೇ ಗುರುತಿಸಿದ್ದರು.

ಈ ಗಾಳಿ ಹೋಗುವುದೆಲ್ಲಿಗೆ? ಪ್ರತಿ ದೊಡ್ಡ ಗೆಲಾಕ್ಸಿಯ ಸುತ್ತಲೂ ಲಕ್ಷಾಂತರ ಜ್ಯೋತಿರ್ವರ್ಷ ಹರಡಿದ ತೆಳು ಅನಿಲದ ಹೊದಿಕೆಯುಂಟು. ಅದು ನೇರವಾಗಿ ಕಾಣುವುದು ಬಲು ಕಷ್ಟ. ಆದರೆ ಅದರ ಹಿಂದೆ ಬಹುದೂರದಲ್ಲಿ ಕ್ವೇಸಾರ್ ಒಂದಿದ್ದರೆ, ಅದರ ಬೆಳಕಿನಲ್ಲಿ ಈ ಅನಿಲ ತನ್ನ ಕಪ್ಪುಗೆರೆಗಳನ್ನು ಮೂಡಿಸುತ್ತದೆ. ಇವುಗಳಲ್ಲಿ ಹಲವು ಅತಿನೇರಳೆಯಲ್ಲಿರುವುದರಿಂದ, ವಾಯುಮಂಡಲದ ಹೊರಗಿನ ಹಬಲ್ ದೂರದರ್ಶಕವೇ ಬೇಕಾಯಿತು. ನಕ್ಷತ್ರಸುಗ್ಗಿ ನಡೆದ ಗೆಲಾಕ್ಸಿಗಳ ಸುತ್ತ ಈ ಗೆರೆಗಳು ಹೆಚ್ಚು ಗಾಢ, ಹೆಚ್ಚು ಅಗಲ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಒಳಗಿನ ಗದ್ದಲ ಹೊರಗಿನ ಹೊದಿಕೆಯನ್ನೂ ಕಲಕುತ್ತದೆ ಎಂದಾಯಿತು.

ಗೆಲಾಕ್ಸಿಯ ಭವಿಷ್ಯ ನಿಂತಿರುವುದು ಇಲ್ಲಿಯೇ. ಹೊರಹೋದ ಅನಿಲ ತಣಿದು ಮರಳಿದರೆ ಹೊಸ ನಕ್ಷತ್ರಗಳಿಗೆ ಮಳೆ, ಮರಳದಿದ್ದರೆ ಬರಗಾಲ. ಮರಳುವಾಗ ಅದು ಬರಿಗೈಯಲ್ಲಿ ಬಾರದು. ನಕ್ಷತ್ರಗಳು ಬೇಯಿಸಿದ ಆಮ್ಲಜನಕ, ಕಬ್ಬಿಣಗಳನ್ನೂ ತರುತ್ತದೆ. ನಿಮ್ಮ ರಕ್ತದ ಕಬ್ಬಿಣದ ಕೆಲವು ಕಣಗಳೂ ಹೆಬ್ಬಾತುಗಳಂತೆ ಒಮ್ಮೆ ದೂರ ಹೋಗಿ ಮರಳಿರಬಹುದು.

ಮುಂದೊಮ್ಮೆ ಕೆರೆಯ ಏರಿ ಹತ್ತಿದಾಗ ನೀರನ್ನೂ ನೋಡಿ, ತಲೆಯೆತ್ತಿ ಆಕಾಶವನ್ನೂ ನೋಡಿ.