ಜಮೀನು ಕೊಳ್ಳುವಾಗ ನೋಟರಿ ಮೊಹರು ಸಾಕೆ?



ಹಳ್ಳಿಗಳಲ್ಲಿ ಇಂದಿಗೂ ಒಂದು ರೂಢಿ ಉಂಟು. ಜಮೀನಿನ ಮಾತುಕತೆ ಮುಗಿದು ಹಣ ಕೈ ಬದಲಾಯಿಸಿದ ಮೇಲೆ ತಾಲ್ಲೂಕು ಕಚೇರಿಯ ಹತ್ತಿರ ಹೋಗಿ ಛಾಪಾ ಕಾಗದದ ಮೇಲೆ ಕರಾರು ಬರೆಯಿಸಿ, ನೋಟರಿಯವರ ದುಂಡು ಮೊಹರು ಹಾಕಿಸಿಕೊಂಡು ಬರುವುದು. ಆ ಕಾಗದ ಪೆಟ್ಟಿಗೆಯಲ್ಲಿ ಭದ್ರವಾಗಿದ್ದರೆ ಜಮೀನೂ ಭದ್ರವೆಂದು ಎಷ್ಟೋ ಮಂದಿ ನಂಬಿರುತ್ತಾರೆ.

ರೈತನೊಬ್ಬ ಪಕ್ಕದ ಹಿಡುವಳಿಯ 1 ಎಕರೆ 20 ಗುಂಟೆ ಖುಷ್ಕಿಯನ್ನು ಹೀಗೆ ಕೊಂಡನೆನ್ನಿ. ಪೂರಾ ಹಣ ಕೊಟ್ಟ, ಬದು ಹಾಕಿಸಿದ, ಬೋರು ಕೊರೆಸಿದ, ಹತ್ತು ವರ್ಷ ಉತ್ತು ಬಿತ್ತಿದ. ಅಷ್ಟರಲ್ಲಿ ಮಾರಿದವನು ತೀರಿಕೊಂಡ. ಪಹಣಿಯಲ್ಲಿದ್ದುದು ಅವನ ಹೆಸರೇ. ಪೌತಿ ಖಾತೆಯಾಗಿ ಜಮೀನು ಮಕ್ಕಳ ಹೆಸರಿಗೆ ಹೋಯಿತು. ಅವರು ಅದನ್ನು ಬೇರೊಬ್ಬರಿಗೆ ನೋಂದಣಿ ಮಾಡಿಕೊಟ್ಟರು. ಹತ್ತು ವರ್ಷದ ದುಡಿಮೆ ಕೋರ್ಟಿನ ಮೆಟ್ಟಿಲೇರಿತು. ಬೆಳೆಸಾಲ ಕೇಳಲು ಹೋದಾಗಲೇ ಅವನಿಗೆ ಎಚ್ಚರವಾಗಬೇಕಿತ್ತು. ಪಹಣಿಯಲ್ಲಿ ಹೆಸರಿಲ್ಲದವನಿಗೆ ಜಮೀನಿನ ಮೇಲೆ ಸಾಲ ಹುಟ್ಟುವುದಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯಿದೆಯ 54ನೇ ಕಲಮಿನಂತೆ, 100 ರೂಪಾಯಿ ಹಾಗೂ ಮೇಲ್ಪಟ್ಟ ಬೆಲೆಯ ಜಮೀನು ನೋಂದಾಯಿತ ಪತ್ರದ ಮೂಲಕವೇ ಕ್ರಯವಾಗಬೇಕು. ಇಂದು 100 ರೂಪಾಯಿಗೆ ಒಂದು ಗುಂಟೆಯೂ ಸಿಕ್ಕದಾದ್ದರಿಂದ ಎಲ್ಲ ಕ್ರಯಕ್ಕೂ ಇದು ಅನ್ವಯ. ಕರಾರು, ಜನರಲ್ ಪವರ್ ಆಫ್ ಅಟಾರ್ನಿ, ಉಯಿಲು ಇವುಗಳ ಮೇಲೆ ನಡೆಸುವ ಮಾರಾಟದಿಂದ ಹಕ್ಕು ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಾಗಾದರೆ ನೋಟರಿಯವರು ಮಾಡುವುದೇನು? 1952ರ ನೋಟರಿ ಕಾಯಿದೆಯಡಿ ಅವರು ಇಂಥವರು ಇಂಥ ದಿನ ತಮ್ಮೆದುರು ಸಹಿ ಮಾಡಿದರೆಂದು ದೃಢೀಕರಿಸಿ ತಮ್ಮ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ಜಮೀನು ಮಾರುವವನದೇ, ಅಣ್ಣತಮ್ಮಂದಿರ ಪಾಲು ಉಂಟೇ, ಅಡಮಾನವಿದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಪ್ರಮಾಣಪತ್ರಕ್ಕೆ, ನಕಲು ದೃಢೀಕರಣಕ್ಕೆ ನೋಟರಿ ಉಪಯೋಗಕ್ಕೆ ಬರುತ್ತಾರೆ. ಹೊರದೇಶದಲ್ಲಿರುವ ತಮ್ಮ ತನ್ನ ಪರವಾಗಿ ಪತ್ರ ಹಾಜರುಪಡಿಸಲು ಅಣ್ಣನಿಗೆ ಕೊಡುವ ಅಧಿಕಾರಪತ್ರವನ್ನು ಅಲ್ಲಿಯ ನೋಟರಿ ದೃಢೀಕರಿಸಿದರೆ ಕಾನೂನು ಒಪ್ಪುತ್ತದೆ. ಆದರೆ ಈ ದೇಶದಲ್ಲೇ ಇರುವವರು ಅದೇ ಪತ್ರವನ್ನು ಸಬ್‌ರಿಜಿಸ್ಟ್ರಾರರ ಎದುರಿಗೇ ಬರೆದುಕೊಡಬೇಕು.

ಇನ್ನೊಂದು ಅಪಾಯವನ್ನು ಬಹಳ ಜನ ಗಮನಿಸುವುದಿಲ್ಲ. ಋಣಭಾರ ಪತ್ರದಲ್ಲಿ ಬರುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ಒಬ್ಬನೇ ಮಾಲೀಕ ಮೂವರಿಗೆ ನೋಟರಿ ಕರಾರು ಬರೆದುಕೊಟ್ಟಿದ್ದರೂ ಅದರಲ್ಲಿ ಕಾಣದು. ಆದುದರಿಂದ ಮುಂಗಡ ಕೊಡುವ ಮುನ್ನ ಹಿಂದಿನ ವರ್ಷಗಳ ಪಹಣಿ, ಹಕ್ಕು ಬದಲಾವಣೆ ದಾಖಲೆಗಳನ್ನು ತೆಗೆಸಿ, ಜಮೀನಿನ ಬಳಿ ನಿಂತು ಅಕ್ಕಪಕ್ಕದವರನ್ನು ಕೇಳತಕ್ಕದ್ದು. ಸರ್ವೆ ನಂಬರಿನ ಒಂದು ಭಾಗವನ್ನು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವಂತಿಲ್ಲ. ಅಲ್ಲಿ ನೋಂದಣಿಯೂ ಕಾಪಾಡದು.

ಕರಾರು ಬೇಕೇ ಬೇಕೆಂದಾದರೆ ಅದನ್ನೂ ನೋಂದಾಯಿಸಿರಿ. ಸ್ವಾಧೀನ ಪಡೆದ ಕರಾರಿಗಂತೂ 2001ರ ತಿದ್ದುಪಡಿಯ ನಂತರ ನೋಂದಣಿಯಿಲ್ಲದೆ ಆ ಸ್ವಾಧೀನದ ರಕ್ಷಣೆ ಸಿಗದು. ಕ್ರಯಪತ್ರಕ್ಕೆ ಸಹಿಯಾದ 4 ತಿಂಗಳೊಳಗೆ ಅದನ್ನು ಹಾಜರುಪಡಿಸಬೇಕು. ನೋಂದಣಿಯಾದ ಮೇಲೆ ಪಹಣಿಯಲ್ಲಿ ಹೆಸರು ಬಂದಿದೆಯೇ ಎಂದು ನೋಡಬೇಕು.

ಈಗಾಗಲೇ ನೋಟರಿ ಕರಾರನ್ನು ನಂಬಿ ಕುಳಿತವರು ತಡಮಾಡಬಾರದು. ಮಾರಿದವರು ಬದುಕಿರುವಾಗಲೇ ಅವರನ್ನು ಒಪ್ಪಿಸಿ ಕ್ರಯಪತ್ರ ಮಾಡಿಸಿಕೊಳ್ಳಬೇಕು. ಒಪ್ಪದಿದ್ದರೆ, ಕರಾರಿನಲ್ಲಿ ಗೊತ್ತುಪಡಿಸಿದ ದಿನದಿಂದ 3 ವರ್ಷದೊಳಗೆ, ದಿನ ಗೊತ್ತುಪಡಿಸದಿದ್ದಲ್ಲಿ ಅವರು ನಿರಾಕರಿಸಿದ್ದು ತಿಳಿದಂದಿನಿಂದ 3 ವರ್ಷದೊಳಗೆ ದಾವೆ ಹೂಡಬೇಕು. ಕರಾರಿನ ಕಾಗದದೊಡನೆ ಹಣ ಕೊಟ್ಟ ರಸೀದಿಗಳನ್ನೂ ವಕೀಲರಿಗೆ ಒಯ್ದು ತೋರಿಸಿರಿ.