ದಿಕ್ಕು ನೋಡಿ, ಆಮೇಲೆ ಕೆಲಸ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ನಮ್ಮ ಜತ್ತ ತಾಲೂಕಿನಿಂದ ಐಟಿಐ ಮುಗಿಸಿ ಕುಪವಾಡ, ಮಿರಜ, ಕೊಲ್ಲಾಪುರದ ಎಂಐಡಿಸಿಗೆ ಹೋಗುವ ತಮ್ಮಂದಿರು ಇಲ್ಲಿದ್ದೀರಿ. ನಿಮಗೆ ಸಿಎನ್‌ಸಿ ಮಿಲ್ಲಿಂಗ್ ಮಷಿನ್ ಬಗ್ಗೆ ಒಂದು ಮಾತು ಹೇಳ್ತೀನಿ. ಮನೆಯವರೂ ಕೇಳ್ರಿ, ಇದು ನಿಮ್ಮ ಮಕ್ಕಳ ಕೈ-ಕಣ್ಣಿನ ಪ್ರಶ್ನೆ.

ಸ್ಪಿಂಡಲ್ ಅಂದ್ರ ಕಟರ್ ಹಿಡಕೊಂಡು ತಿರುಗುವ ಭಾಗ. ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ, ಒಂದು ರಾತ್ರಿ ಪಾಳಿಯಲ್ಲಿ ಹಳೇ ಮಷಿನ್‌ನ ಸ್ಪಿಂಡಲ್ ಮೋಟರ್ ರಿಪೇರಿ ಮಾಡಿ ಕೂಡಿಸಿದ್ದರು. ಎರಡು ವೈರ್ ಅದಲು-ಬದಲಾಗಿದ್ದವು. ಮುಂಜಾನೆ ನಾನು ನೋಡದೇ ಸ್ಟಾರ್ಟ್ ಒತ್ತಿದೆ. ಕಟರ್ ಉಲ್ಟಾ ತಿರುಗಿ, ಕೊರೆಯುವ ಬದಲು ತಿಕ್ಕಿತು. ಇನ್ಸರ್ಟ್ ಒಡೆದು ಚೂರು ಗಾಜಿಗೆ ಬಡಿಯಿತು. ಬಾಗಿಲು ಮುಚ್ಚಿತ್ತು, ಅದಕ್ಕೇ ಎರಡೂ ಕಣ್ಣು ಉಳಿದಾವು. “ದಿಕ್ಕು ಸರಿ ಐತೇನ್ರಿ?” ಅಂತ ಕೇಳಬೇಕು ಅನಿಸಿತ್ತು. ಕೇಳಲಿಲ್ಲ. ಕನ್ನಡ ಶಾಲೆಯಲ್ಲಿ ಕಲಿತವ, ಮರಾಠಿ ತೊದಲ್ತಿತ್ತು. ‘ಇವನಿಗೆ ಏನೂ ಬರೂದಿಲ್ಲ’ ಅಂದಾರು ಅನ್ನೋ ಅಂಜಿಕೆ.

ಹಂಗಾದ್ರ ಹ್ಯಾಂಗ ನೋಡಬೇಕು? ಕಟರ್ ತೆಗೀರಿ, ಜಾಬ್ ತೆಗೀರಿ, ಸ್ಪಿಂಡಲ್ ಮೇಲಕ್ಕೆ ಎತ್ತಿ ನಿಲ್ಲಿಸ್ರಿ. ಮೇನ್ ಸ್ವಿಚ್ ಬಂದ್ ಮಾಡಿ, ಸ್ಪಿಂಡಲ್ ಮೂತಿಗೆ ಮಾರ್ಕರ್‌ನಿಂದ ಒಂದು ಗೆರೆ ಎಳೀರಿ. ಆಮೇಲೆ ಸ್ವಿಚ್ ಹಾಕಿ, ಬಾಗಿಲು ಮುಚ್ಚಿ, ಒಂದು ಕೈ ಎಮರ್ಜೆನ್ಸಿ ಬಟನ್ ಹತ್ತಿರ ಇಡ್ರಿ. ಎಂಡಿಐನಲ್ಲಿ ಎಸ್50 ಎಂ03 ಕೊಡ್ರಿ. ನಿಮಿಷಕ್ಕೆ 50 ಸುತ್ತು ಅಂದ್ರ ಸೆಕೆಂಡಿಗೆ ಒಂದು ಸುತ್ತೂ ಪೂರ್ತಿ ಆಗೂದಿಲ್ಲ, ಗೆರೆ ಕಣ್ಣಿಗೆ ಕಾಣ್ತೈತಿ.

ಎಂ03 ಅಂದ್ರ ಮೇಲಿನಿಂದ ಕೆಳಗೆ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕು. ಸ್ಕ್ರೂ ಬಿಗಿ ಮಾಡುವಾಗ ಕೈ ತಿರುಗ್ತೈತಲ್ಲ, ಹಾಂಗ. ನೆಟ್ಟಗಿರುವ ಸ್ಪಿಂಡಲ್ ಎದುರು ನಿಂತರೆ, ನಿಮ್ಮ ಕಡೆಗಿನ ಗೆರೆ ಬಲದಿಂದ ಎಡಕ್ಕೆ ಹೋಗಬೇಕು. ಬಗ್ಗಿ ಕೆಳಗಿನಿಂದ ನೋಡಿದ್ರ ಉಲ್ಟಾ ಕಾಣ್ತೈತಿ, ಮೋಸ ಹೋಗಬ್ಯಾಡ್ರಿ. ಎಂ05 ಕೊಟ್ಟು ಪೂರ್ತಿ ನಿಂತ ಮೇಲೆ ಎಂ04 ನೋಡ್ರಿ, ಅದು ಎದುರು ದಿಕ್ಕು. ಕೈ ಹಚ್ಚಿ ನೋಡೋದು, ಬಾಗಿಲ ಲಾಕ್ ತಪ್ಪಿಸಿ ನೋಡೋದು ಎಂದೂ ಬ್ಯಾಡ.

ದಿಕ್ಕು ತಪ್ಪಿದ್ರ ಪ್ರೋಗ್ರಾಮ್‌ನಲ್ಲಿ ಎಂ03 ಬದಲು ಎಂ04 ಬರೆದು ಕೆಲಸ ಸಾಗಿಸಬ್ಯಾಡ್ರಿ. ಮುಂದಿನ ಪಾಳಿಯವನಿಗೆ ಅದು ಗೊತ್ತಿರೂದಿಲ್ಲ, ಅವನ ಕೈ ಹೋದೀತು. ಮಷಿನ್ ನಿಲ್ಲಿಸಿ, ರಜಿಸ್ಟರ್‌ನಲ್ಲಿ ಬರೆದು, ಇಲೆಕ್ಟ್ರಿಷಿಯನ್ ಕರೀರಿ. ಇನ್ವರ್ಟರ್ ಮೇಲೆ ನಡೆಯುವ ಸ್ಪಿಂಡಲ್ ಆದ್ರ, ಒಳಗೆ ಬರುವ ಕರೆಂಟಿನ ಫೇಸ್ ಬದಲಿಸಿದ್ರ ದಿಕ್ಕು ಬದಲಾಗೂದಿಲ್ಲ. ಇನ್ವರ್ಟರ್‌ನಿಂದ ಮೋಟರಿಗೆ ಹೋಗುವ ವೈರ್ ನೋಡಬೇಕು. ಆ ಕೆಲಸ ಅವರದು, ನಿಮ್ಮದಲ್ಲ.

ಮುಂಬೈ ಗಿರಣಿಗಳಲ್ಲಿ ನಮ್ಮ ಹಿರಿಯರನ್ನು ಹೆಚ್ಚು ಪಗಾರದ ನೇಯ್ಗೆ ಖಾತೆಗೆ ಬಿಡ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೀಬೇಕು, ಮೈಲಿಗೆ ಆಗ್ತೈತಿ ಅಂತ ನೆಪ. 1928ರ ಗಿರಣಿ ಮುಷ್ಕರದ ಹೊತ್ತಿನಲ್ಲಿ ಬಾಬಾಸಾಹೇಬರು ಈ ಪ್ರಶ್ನೆ ಎತ್ತಿದರು. ಅಂದು ನಮಗೆ ಮಗ್ಗ ಮುಟ್ಟಲಿಕ್ಕೆ ಬಿಡಲಿಲ್ಲ. ಇಂದು ಲಕ್ಷಗಟ್ಟಲೆ ಬೆಲೆಯ ಮಷಿನ್ ನಮ್ಮ ಕೈಯಲ್ಲಿ ಐತಿ. ಬಾಬಾಸಾಹೇಬರು ಅಷ್ಟು ದೊಡ್ಡ ಮುಷ್ಕರದ ಹೊತ್ತಿನಲ್ಲಿ ಕೇಳಿದರು. ನಾವು ಒಬ್ಬ ಸೂಪರ್‌ವೈಸರ್ ಮುಂದೆ “ಒಂದು ನಿಮಿಷ ತಡೀರಿ, ದಿಕ್ಕು ನೋಡ್ತೀನಿ” ಅನ್ನಲಿಕ್ಕೆ ಯಾಕ ಅಂಜಬೇಕು?

ರಿಪೇರಿಯಾದ ಮಷಿನ್ ಕೈಗೆ ಬಂದಾಗೆಲ್ಲ ಆ ಒಂದು ನಿಮಿಷ ತಗೋರಿ. ಸಂಜೆ ಹತ್ತೂ ಬೆರಳಿನಿಂದ ಮನೆ ಬಾಗಿಲು ತಟ್ಟ್ರಿ. ಜೈ ಭೀಮ್.